ಪಿಎಚ್‌ಡಿ ಮೊದಲ ವರ್ಷ: ಹೊಸ ಐಡಿಯಾಕ್ಕೆ ಮುಂಚೆ ಹಳೆಯ ಪೇಪರ್ ಓಡಿಸಿ ನೋಡಿ

ಕಂಪ್ಯೂಟರ್ ಸೈನ್ಸ್‌ನಲ್ಲಿ, ಅದರಲ್ಲೂ ಮಷೀನ್ ಲರ್ನಿಂಗ್‌ನಲ್ಲಿ ಪಿಎಚ್‌ಡಿಗೆ ಸೇರಿದವರು ಮೊದಲ ವಾರದಿಂದಲೇ ಹೊಸ ಐಡಿಯಾ ಹುಡುಕುತ್ತಾ ಕೂರುತ್ತಾರೆ. ಅದರ ಬದಲು ಒಂದು ಒಳ್ಳೆಯ ಪೇಪರ್ ಆರಿಸಿ, ಅದರ ಮುಖ್ಯ ಟೇಬಲ್‌ನ ಒಂದೇ ಒಂದು ಸಾಲು ನಿಮ್ಮ ಮಷೀನಿನಲ್ಲೂ ಬರುತ್ತದೆಯೇ ನೋಡಿ. ಕೋಡ್ ಮತ್ತು ಡೇಟಾ ಎರಡೂ ಸಿಗುವಂಥದ್ದು, ಒಂದು ಜಿಪಿಯುನಲ್ಲಿ (ಇಂಥ ಲೆಕ್ಕಗಳನ್ನು ವೇಗವಾಗಿ ಮಾಡುವ ಚಿಪ್) ಒಂದು ದಿನದೊಳಗೆ ಮುಗಿಯುವಂಥದ್ದು ಆಗಿರಲಿ.

ಪೇಪರ್‌ನಲ್ಲಿ ಮಾಡೆಲ್‌ನ ಅಂಕ 83.0 ಇದೆ, ನಿಮಗೆ 81.4 ಬಂತು ಅಂದುಕೊಳ್ಳಿ. ನಿಜವಾದ ಕಲಿಕೆ ಶುರುವಾಗುವುದೇ ಇಲ್ಲಿ. ಮೊದಲು ಟ್ರೈನ್ (ಮಾಡೆಲ್ ಕಲಿಯುವ ಪಾಲು), ಟೆಸ್ಟ್ (ಅದನ್ನು ಪರೀಕ್ಷಿಸುವ ಪಾಲು) ಎಂದು ಡೇಟಾವನ್ನು ಹೇಗೆ ಪಾಲು ಮಾಡಿದ್ದಾರೆ ನೋಡಿ. ಆಮೇಲೆ ಪ್ರೀಪ್ರೊಸೆಸಿಂಗ್ (ಡೇಟಾ ಸಿದ್ಧಪಡಿಸುವ ರೀತಿ), ಲರ್ನಿಂಗ್ ರೇಟ್ (ಪ್ರತಿ ಹೆಜ್ಜೆಗೆ ಮಾಡೆಲ್ ಎಷ್ಟು ಬದಲಾಗಬೇಕೆಂಬ ಪ್ರಮಾಣ) ಇಳಿಸುವ ಕ್ರಮ, ಲೈಬ್ರರಿ ವರ್ಷನ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿದರೆ ಅಂಕ ಏರಿದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಸೀಡ್ (ಪ್ರೋಗ್ರಾಮಿನ ರ‍್ಯಾಂಡಮ್ ಆಯ್ಕೆಗಳು ಶುರುವಾಗುವ ಸಂಖ್ಯೆ) ಬದಲಿಸಿ ಕನಿಷ್ಠ 5 ಸಲ ಓಡಿಸಿ. ಬರೀ ಸೀಡ್‌ನಿಂದಲೇ 1 ಅಂಕ ಹೆಚ್ಚುಕಮ್ಮಿ ಆಗುವ ಕಡೆ, ಒಂದೇ ಸಲ ಓಡಿಸಿ ಸಿಕ್ಕ 0.5 ಅಂಕದ ಸುಧಾರಣೆಗೆ ಅರ್ಥವಿಲ್ಲ. ಸೀಡ್ ಅದೇ ಇದ್ದರೂ ಜಿಪಿಯುನಲ್ಲಿ ಕೊನೆಯ ಅಂಕಿಗಳು ಬೇರೆಯಾಗಬಹುದು: ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೆ ರೌಂಡಿಂಗ್ ಬದಲಾಗುತ್ತದೆ, ಒಟ್ಟಿಗೇ ಓಡುವ ಲೆಕ್ಕದ ತುಂಡುಗಳು (ಥ್ರೆಡ್‌ಗಳು) ಪ್ರತಿ ಸಲ ಅದೇ ಕ್ರಮದಲ್ಲಿ ಮುಗಿಯುವುದಿಲ್ಲ. ಇದಕ್ಕೆ ಗಾಬರಿ ಬೇಡ.

ಗಾಬರಿ ಬೀಳಬೇಕಾದ್ದು ಅಂಕ ಇದ್ದಕ್ಕಿದ್ದಂತೆ ಜಿಗಿದಾಗ. ಟೆಸ್ಟ್ ಡೇಟಾ ಟ್ರೈನಿಂಗ್‌ಗೆ ಸೋರಿದೆಯೇ ಎಂದು ಮೊದಲು ಹುಡುಕಿ. ಅದೇ ಚಿತ್ರ ಎರಡೂ ಕಡೆ ಇರಬಹುದು, ಒಬ್ಬನೇ ರೋಗಿಯ ಸ್ಕ್ಯಾನ್‌ಗಳು ಎರಡೂ ಪಾಲಿಗೆ ಹಂಚಿಹೋಗಿರಬಹುದು, ಪಾಲು ಮಾಡುವ ಮುಂಚೆಯೇ ಇಡೀ ಡೇಟಾದ ಸರಾಸರಿ ತೆಗೆದು ನಾರ್ಮಲೈಸ್ ಮಾಡಿರಬಹುದು (ಸಂಖ್ಯೆಗಳನ್ನು ಒಂದೇ ಅಳತೆಗೆ ತಂದಿರಬಹುದು). ಫೈಲ್‌ಗಳ ಹ್ಯಾಶ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ಹೋಲಿಸಿದರೆ ತದ್ರೂಪ ನಕಲುಗಳು ಸಿಕ್ಕಿಬೀಳುತ್ತವೆ. ಅಳತೆ ಬದಲಿಸಿದ, ಕತ್ತರಿಸಿದ ನಕಲುಗಳು ಅದರಿಂದ ಸಿಗುವುದಿಲ್ಲ, ಅವನ್ನು ಬೇರೆಯಾಗಿ ಹುಡುಕಬೇಕು, ಕಣ್ಣಿಂದಲೂ ನೋಡಬೇಕು.

ಪ್ರತಿ ಪ್ರಯೋಗಕ್ಕೂ ಒಂದು ಫೋಲ್ಡರ್ ಇರಲಿ. ಒಳಗೆ ಗಿಟ್ ಕಮಿಟ್ ಐಡಿ (ಕೋಡ್‌ನ ಆ ಆವೃತ್ತಿಯ ಗುರುತು), ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲ್, ಸೀಡ್, ಲೈಬ್ರರಿಗಳ ಪಟ್ಟಿ, ಪೂರ್ತಿ ಲಾಗ್. ಇದನ್ನು ಕೈಯಾರೆ ಬರೆಯಲು ಹೋದರೆ ಮೂರನೇ ದಿನಕ್ಕೆ ನಿಂತುಹೋಗುತ್ತದೆ, ಸ್ಕ್ರಿಪ್ಟ್‌ಗೇ ಬಿಡಿ. ನಿಮ್ಮ ವಿಧಾನಕ್ಕೆ 50 ಸೆಟ್ಟಿಂಗ್ ಪರೀಕ್ಷಿಸಿದ್ದರೆ ಬೇಸ್‌ಲೈನ್‌ಗೂ (ಹೋಲಿಕೆಗೆ ಇಟ್ಟ ವಿಧಾನ) 50 ಕೊಡಿ. ಗೆಲುವು ಎಷ್ಟೋ ಸಲ ಕರಗುವುದು ಇಲ್ಲಿ. ಬೇಸರವಾದರೂ ಸಬ್ಮಿಟ್ ಮಾಡುವ ಮುಂಚೆ ಕರಗುವುದೇ ಒಳ್ಳೆಯದು.

ರಿಜೆಕ್ಟ್ ಆಗುವುದಂತೂ ಇದ್ದದ್ದೇ. 2014ರಲ್ಲಿ ಮಷೀನ್ ಲರ್ನಿಂಗ್‌ನ ದೊಡ್ಡ ಸಮ್ಮೇಳನ ನಿಪ್ಸ್ (ಈಗ ನ್ಯೂರಿಪ್ಸ್) 166 ಪೇಪರ್‌ಗಳನ್ನು ಎರಡು ಪ್ರತ್ಯೇಕ ಸಮಿತಿಗಳಿಗೆ ಕೊಟ್ಟು ನೋಡಿತು. ಸುಮಾರು ಕಾಲು ಭಾಗದಲ್ಲಿ ಎರಡೂ ಸಮಿತಿಗಳ ತೀರ್ಮಾನ ಹೊಂದಲಿಲ್ಲ. ಹಾಗಾಗಿ ಒಂದು ರಿಜೆಕ್ಟ್ ಕಂಡು ವಿಷಯವನ್ನೇ ಬಿಡಬೇಡಿ. ರಿವ್ಯೂವರ್ ತಪ್ಪು ತಿಳಿದ ಪ್ಯಾರಾ ಯಾವುದು ಹುಡುಕಿ, ಅದನ್ನು ತಿದ್ದಿ ಬರೆಯಿರಿ. ರಿಬಟಲ್‌ಗೆ (ರಿವ್ಯೂವರ್‌ಗಳಿಗೆ ಉತ್ತರ ಬರೆಯಲು) ಸಿಗುವುದು ಕೆಲವೇ ದಿನ. 'ಬೇರೆ ಸೀಡ್‌ನಲ್ಲೂ ಹೀಗೇ ಬರುತ್ತದೆಯೇ?' ಎಂದು ರಿವ್ಯೂವರ್ ಕೇಳಿದರೆ, ಪ್ರತಿ ಪ್ರಯೋಗದ ಫೋಲ್ಡರ್ ಇಟ್ಟವರು ಅಂದೇ ಸಂಜೆ ಟೇಬಲ್ ಕಳಿಸಬಹುದು.