ಕ್ಯುವೆಟ್‌ನೊಳಗೆ ಇಳಿಯುವ ಫೋಟಾನ್ ಎಷ್ಟು? ಫೆರ್ರಿಆಕ್ಸಲೇಟ್ ಹೇಳುತ್ತದೆ

ಕ್ವಾಂಟಮ್ ಇಳುವರಿ, ಅಂದರೆ ಹೀರಿದ ಪ್ರತಿ ಫೋಟಾನ್‌ಗೆ (ಬೆಳಕಿನ ಕಣಕ್ಕೆ) ಎಷ್ಟು ಅಣು ಬದಲಾಯಿತು ಎಂಬ ಲೆಕ್ಕ ಹಾಕುವಾಗ ದೀಪದ ಮೇಲಿನ ವಾಟ್ ಸಂಖ್ಯೆಯಿಂದ ಏನೂ ಸಿಗುವುದಿಲ್ಲ. ಪವರ್ ಮೀಟರ್ ಕೂಡ ತನ್ನ ತಟ್ಟೆಗೆ ಬಿದ್ದ ಬೆಳಕನ್ನಷ್ಟೇ ಅಳೆಯುತ್ತದೆ. ಕ್ಯುವೆಟ್ಟಿನ (ದ್ರಾವಣ ಹಿಡಿಯುವ ಚಿಕ್ಕ ಪಾರದರ್ಶಕ ಪಾತ್ರೆಯ) ಗೋಡೆಯಲ್ಲಿ ಪ್ರತಿಫಲಿಸಿ ಹೋದದ್ದು ಅದಕ್ಕೆ ತಿಳಿಯದು. ಹಾಗಾಗಿ ಅದೇ ಕ್ಯುವೆಟ್, ಅದೇ ಜಾಗ, ಅಷ್ಟೇ ದ್ರಾವಣ ಇಟ್ಟು ರಾಸಾಯನಿಕವಾಗಿಯೇ ಎಣಿಸುವುದು ಮೇಲು. 1956ರಲ್ಲಿ ಹ್ಯಾಚರ್ಡ್ ಮತ್ತು ಪಾರ್ಕರ್ ವಿವರವಾಗಿ ಕೊಟ್ಟ ಪೊಟ್ಯಾಸಿಯಂ ಫೆರ್ರಿಆಕ್ಸಲೇಟ್ ವಿಧಾನ ಇಂದಿಗೂ ಚಲಾವಣೆಯಲ್ಲಿದೆ. ಬೆಳಕು ಬಿದ್ದರೆ ಈ ಲವಣದ ಫೆರಿಕ್ ಕಬ್ಬಿಣ (Fe³⁺) ಫೆರಸ್ (Fe²⁺) ಆಗುತ್ತದೆ; ಹುಟ್ಟಿದ ಫೆರಸ್ ಅಳೆದರೆ ಫೋಟಾನ್ ಎಣಿಕೆ ಸಿಗುತ್ತದೆ.

ಈ ಲವಣದ ಟ್ರೈಹೈಡ್ರೇಟ್ (ಮೂರು ನೀರಿನ ಅಣು ಸೇರಿದ) ಹರಳು 2.95 ಗ್ರಾಂ ತೂಗಿ, 0.05 ಮೋಲಾರ್ ಗಂಧಕಾಮ್ಲದಲ್ಲಿ ಕರಗಿಸಿ 1 ಲೀಟರ್ ಮಾಡಿದರೆ 0.006 ಮೋಲಾರ್ ದ್ರಾವಣ ಸಿದ್ಧ. ತೂಗುವುದರಿಂದ ಹಿಡಿದು ಎಲ್ಲವೂ ಕೆಂಪು ದೀಪದಲ್ಲೇ ಆಗಬೇಕು. ಟ್ಯೂಬ್‌ಲೈಟ್ ಕೆಳಗೆ ಪಿಪೆಟ್ ಹಿಡಿದು ನಿಂತರೆ ನಿಮ್ಮ ದೀಪಕ್ಕಿಂತ ಮೊದಲು ಕೋಣೆಯೇ ಅದನ್ನು ಒಡೆದಿರುತ್ತದೆ.

3 ಮಿ.ಲೀ. ದ್ರಾವಣವನ್ನು ಕಲಕುತ್ತಾ 366 ನ್ಯಾನೊಮೀಟರ್ ಬೆಳಕಿಗೆ 60 ಸೆಕೆಂಡ್ ಒಡ್ಡಿ. ಅದರಿಂದ 1 ಮಿ.ಲೀ. ತೆಗೆದು 10 ಮಿ.ಲೀ. ಫ್ಲಾಸ್ಕಿಗೆ ಹಾಕಿ, 0.1 ಶೇಕಡಾ ಫಿನಾಂತ್ರೊಲಿನ್ (ಫೆರಸ್ ಜೊತೆ ಸೇರಿ ಕೆಂಪು ಬಣ್ಣ ಕೊಡುವ ವಸ್ತು) 2 ಮಿ.ಲೀ. ಮತ್ತು ಅಸಿಟೇಟ್ ಬಫರ್ 0.5 ಮಿ.ಲೀ. ಸೇರಿಸಿ ನೀರಿನಿಂದ ಗುರುತಿನವರೆಗೆ ತುಂಬಿ. ಕತ್ತಲಲ್ಲಿ ಒಂದು ಗಂಟೆ ಇಟ್ಟು, 510 ನ್ಯಾನೊಮೀಟರ್‌ನಲ್ಲಿ ಹೀರಿಕೆ ಓದಿ. ಬೆಳಕು ಕಾಣದ ದ್ರಾವಣಕ್ಕೂ ಇದೇ ಉಪಚಾರ ಮಾಡಿ ಅದರ ಓದನ್ನು ಕಳೆಯಬೇಕು. ಈ ಕತ್ತಲೆ ಓದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಬಾಟಲಿಯನ್ನು ಖಾಲಿ ಮಾಡಿ. ಅದರ ಜೊತೆ ವಾದ ಬೇಡ.

ವ್ಯತ್ಯಾಸ 0.55 ಬಂತೆನ್ನಿ. ಅದನ್ನು 11,100ರಿಂದ (1 ಸೆಂ.ಮೀ. ದಪ್ಪದಲ್ಲಿ ಆ ಕೆಂಪು ಸಂಯುಕ್ತದ ಮೋಲಾರ್ ಹೀರಿಕೆ) ಭಾಗಿಸಿ, 10 ಮಿ.ಲೀ.ಗೆ ಲೆಕ್ಕ ಹಾಕಿ, 3ರಿಂದ ಗುಣಿಸಿದರೆ ಹುಟ್ಟಿದ ಫೆರಸ್ ಕಬ್ಬಿಣ 1.49 × 10⁻⁶ ಮೋಲ್. ಅದನ್ನು 366ರಲ್ಲಿ ಫೆರ್ರಿಆಕ್ಸಲೇಟ್‌ನ ಇಳುವರಿ 1.21 ಮತ್ತು 60 ಸೆಕೆಂಡಿನಿಂದ ಭಾಗಿಸಿ: ಸೆಕೆಂಡಿಗೆ 2.05 × 10⁻⁸ ಐನ್‌ಸ್ಟೈನ್ (ಒಂದು ಮೋಲ್ ಫೋಟಾನ್‌ಗೆ ಒಂದು ಐನ್‌ಸ್ಟೈನ್), ಅಂದರೆ ಸುಮಾರು 1.2 × 10¹⁶ ಫೋಟಾನ್. ಒಂದು ಫೋಟಾನ್‌ಗೆ ಒಂದಕ್ಕಿಂತ ಹೆಚ್ಚು ಅಯಾನು ಹೇಗೆ? ಮೊದಲ ಹೆಜ್ಜೆಯಲ್ಲಿ ಹುಟ್ಟುವ ಆಕ್ಸಲೇಟ್ ರ‍್ಯಾಡಿಕಲ್ ಬೆಳಕಿನ ಹಂಗಿಲ್ಲದೆ ಇನ್ನೊಂದು ಫೆರಿಕ್ ಅಯಾನನ್ನೂ ಅಪಕರ್ಷಿಸುತ್ತದೆ.

ಈ ಉದಾಹರಣೆಯಲ್ಲಿ ಒಡೆದದ್ದು ಸುಮಾರು 8 ಶೇಕಡಾ. 10 ದಾಟಿಸಬೇಡಿ; ದಾಟಿದರೆ ಫೋಟಾನ್ ಸಂಖ್ಯೆ ಕಡಿಮೆ ತೋರುತ್ತದೆ. ಕಲಕದಿದ್ದರೂ ಅದೇ ಗತಿ: ಬೆಳಕು ಬಡಿಯುವ ಮುಂಗೋಡೆಯ ಪದರವಷ್ಟೇ ಬರಿದಾಗುತ್ತದೆ. ಒಂದೇ ಓದನ್ನು ನಂಬದೆ 15, 30, 45, 60 ಸೆಕೆಂಡಿನ ಬಿಂದುಗಳನ್ನು ಗುರುತಿಸಿ. ಗೆರೆ ಕೊನೆಯಲ್ಲಿ ಬಾಗಿದರೆ ಒಡ್ಡಿದ್ದು ಹೆಚ್ಚಾಯಿತು. ಮೊದಲಲ್ಲೇ ಅಂಕುಡೊಂಕಾದರೆ ದೀಪ ಇನ್ನೂ ಬಿಸಿಯಾಗಿ ನೆಲೆಗೊಂಡಿಲ್ಲ.

ಇನ್ನೊಂದು ಮಾತು. 0.006 ಮೋಲಾರ್ ದ್ರಾವಣ 390 ನ್ಯಾನೊಮೀಟರ್‌ವರೆಗೆ 1 ಸೆಂ.ಮೀ. ದಪ್ಪದಲ್ಲೇ ಬಹುತೇಕ ಎಲ್ಲ ಬೆಳಕನ್ನೂ ನುಂಗುತ್ತದೆ; 436ಕ್ಕೆ ಬಂದರೆ ಬಹುಪಾಲು ತೂರಿ ಆಚೆ ಹೋಗುತ್ತದೆ. ನೀಲಿ ಎಲ್‌ಇಡಿ ಅಳೆಯುವವರು 0.15 ಮೋಲಾರ್ ದ್ರಾವಣ ಮಾಡಿಕೊಳ್ಳಿ, ಆ ತರಂಗಾಂತರದ ಇಳುವರಿಯನ್ನೇ ಬಳಸಿ. 366ರ 1.21 ಅಲ್ಲಿಗೆ ಸಲ್ಲದು.