ಹತ್ತು ಮೀಲ್ ಅಷ್ಟೇ, ಬಾ

ಇಲ್ಲಿಗೆ ಬಂದ ಹೊಸತರಲ್ಲಿ ಆಫೀಸಿನವರೊಬ್ಬರು ಭಾನುವಾರದ ಊಟಕ್ಕೆ ಮನೆಗೆ ಕರೆದರು. "ದೂರ ಏನಿಲ್ಲ, ಹತ್ತು ಮೀಲ್ ಅಷ್ಟೇ, ಬಾ" ಅಂದರು. ಹತ್ತು ಮೈಲಿ ತಾನೇ ಅಂದುಕೊಂಡು ಆರಾಮಾಗಿ ಹೊರಟೆ. ಸ್ವೀಡನ್ನಿನ ಒಂದು ಮೀಲ್ ಅಂದರೆ ಹತ್ತು ಕಿಲೋಮೀಟರ್ ಅನ್ನುವುದು ದಾರಿಯಲ್ಲಿ ಗೊತ್ತಾಯಿತು. ನೂರು ಕಿಲೋಮೀಟರ್ ಪೈನ್ ಕಾಡು. ನಡುವೆ ಒಂದೇ ಒಂದು ಪೆಟ್ರೋಲ್ ಬಂಕ್. ಒಂದು ಕಡೆ ನಾಲ್ಕು ಹಿಮಸಾರಂಗಗಳು ರಸ್ತೆಗೆ ಅಡ್ಡ ನಿಂತಿದ್ದವು, ನಮ್ಮೂರ ದನಗಳ ಹಾಗೆ. ಹಾರ್ನ್ ಮಾಡಿದರೂ ಕದಲಲಿಲ್ಲ. ನಾನು ಮುಟ್ಟುವ ಹೊತ್ತಿಗೆ ಅವರ ಊಟ ಮುಗಿದಿತ್ತು.

ನಾನಿರುವುದು ಸ್ವೀಡನ್ನಿನ ಉತ್ತರದ ತುತ್ತತುದಿಯ ನಾರ್‌ಬೊಟೆನ್ ಪ್ರಾಂತ್ಯದಲ್ಲಿ, ಲುಲಿಯೊ ಎಂಬ ಊರಲ್ಲಿ. ದೇಶದ ಹೆಚ್ಚುಕಡಿಮೆ ಕಾಲು ಭಾಗ ನೆಲ ಈ ಒಂದು ಪ್ರಾಂತ್ಯದ್ದೇ. ಸುಮಾರು 97,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧ. ಜನ ಮಾತ್ರ ಎರಡೂವರೆ ಲಕ್ಷ. ಚದರ ಕಿಲೋಮೀಟರಿಗೆ ಎರಡೂವರೆ ಜನ! 2011ರ ಗಣತಿಯಲ್ಲಿ ಕರ್ನಾಟಕದ್ದು 319 ಇತ್ತು. ವಿಡಿಯೊ ಕಾಲಿನಲ್ಲಿ ಕಿಟಕಿಯಾಚೆ ತೋರಿಸಿದರೆ ಹೊಸಪೇಟೆಯಿಂದ ಅವ್ವನದು ಒಂದೇ ಪ್ರಶ್ನೆ: "ಮಂದೀನೇ ಕಾಣಂಗಿಲ್ಲಲ್ಲೋ, ಎಲ್ಲಿ ಹೋಗ್ಯಾರ?"

ಎಲ್ಲೂ ಹೋಗಿಲ್ಲ, ಕರಾವಳಿಗೆ ಅಂಟಿಕೊಂಡಿದ್ದಾರೆ. 14 ಪುರಸಭೆಗಳಲ್ಲಿ ಲುಲಿಯೊ, ಪೀತಿಯೊ, ಬೂಡೆನ್ ಈ ಮೂರರಲ್ಲೇ ಅರ್ಧಕ್ಕಿಂತ ಜಾಸ್ತಿ ಜನ. ಉಳಿದದ್ದು ಕಾಡು, ಜೌಗು, ಹೊಳೆ, ಪಶ್ಚಿಮಕ್ಕೆ ಬೆಟ್ಟ. ಹಾಗಂತ ಅದನ್ನು ಖಾಲಿ ನೆಲ ಅನ್ನುವಂತಿಲ್ಲ. ನಮಗೆ ಖಾಲಿ ಕಾಣುವ ಆ ನೆಲ ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನ ಹಿಮಸಾರಂಗ ಮೇಯಿಸುವ ಜಾಗ. ಚಳಿಗಾಲಕ್ಕೊಂದು ಮೇವಿನ ಜಾಗ, ಬೇಸಿಗೆಗೊಂದು. ಒಂದು ಮಂದೆಗೆ ಎಷ್ಟು ನೆಲ ಬೇಕು ಅಂತ ಲೆಕ್ಕ ಹಾಕಿದರೆ ಖಾಲಿ ಅನ್ನುವ ಮಾತೇ ಬಿದ್ದುಹೋಗುತ್ತದೆ, ಅಲ್ವಾ?

ನನಗೆ ಜಾಸ್ತಿ ಹಿಡಿಸಿದ್ದು ಊರಾಚೆಯ ಗಮ್ಮೆಲ್‌ಸ್ಟಾಡ್. ಹಳೇ ಊರು ಅಂತಲೇ ಅದರ ಅರ್ಥ. ಕಲ್ಲಿನ ಚರ್ಚು, ಸುತ್ತ 400ಕ್ಕೂ ಜಾಸ್ತಿ ಕೆಂಪು ಮರದ ಗುಡಿಸಲು. ಅವು ಯಾರೂ ಕಾಯಂ ಇದ್ದ ಮನೆಗಳಲ್ಲ. ಚರ್ಚಿಗೆ ಅಷ್ಟು ದೂರದಿಂದ ಬಂದವರು ಅದೇ ದಿನ ವಾಪಸ್ ಹೋಗಲಾಗುತ್ತಿರಲಿಲ್ಲ, ರಾತ್ರಿ ತಂಗಲು ಕಟ್ಟಿಕೊಂಡವು. ಲುಲಿಯೊ 1621ರಲ್ಲಿ ಹುಟ್ಟಿದ್ದು ಇಲ್ಲೇ. ಆದರೆ ಬಂದರಿನಲ್ಲಿ ನೀರು ಕಡಿಮೆಯಾಗುತ್ತಾ ಬಂತು. ಹಿಮಯುಗದ ಭಾರಿ ಮಂಜುಗಡ್ಡೆ ಒತ್ತಿ ಕೂತಿದ್ದ ನೆಲ, ಭಾರ ಇಳಿದ ಮೇಲೆ ಮೇಲೇಳುತ್ತಿದೆ. ಈಗಲೂ ವರ್ಷಕ್ಕೆ ಎಂಟೊಂಬತ್ತು ಮಿಲಿಮೀಟರ್. ಹಡಗು ಬರಲಾಗದೆ 1649ರಲ್ಲಿ ಊರೇ ಸಮುದ್ರದ ಬೆನ್ನು ಹತ್ತಿ ಹೋಯಿತು, ಚರ್ಚು ಹಿಂದೆ ಉಳಿಯಿತು.

ಉತ್ತರದ ಕಿರುನಾದಲ್ಲಿ ಇದರ ಉಲ್ಟಾ: ಅಲ್ಲಿ ನೆಲ ಕುಸಿಯುತ್ತಿದೆ. ಆ ಒಂದು ಪುರಸಭೆಯೇ ಸುಮಾರು 19,000 ಚದರ ಕಿಲೋಮೀಟರ್, ಜನ 22 ಸಾವಿರದಷ್ಟು. ಅಲ್ಲಿರುವುದು ಕಬ್ಬಿಣದ ಅದಿರು. ಸಂಡೂರಿನ ಕೆಂಪು ಧೂಳು ನೋಡಿ ಬೆಳೆದ ನನಗೆ ಗಣಿ ಅಂದರೆ ಬಯಲಲ್ಲಿ ಕೊರೆದ ಗುಡ್ಡ. ಇಲ್ಲಿ ಎಲ್ಲ ನೆಲದೊಳಗೆ, ಒಂದು ಕಿಲೋಮೀಟರಿಗೂ ಆಳ. ಅದಿರು ತೆಗೆದಷ್ಟೂ ಬಿರುಕು ಊರಿನ ಕಡೆ ಬರುತ್ತದೆ. ಊರು ಸರಿಯಬೇಕು ಅಂತ 2004ರಲ್ಲೇ ಹೇಳಿಬಿಟ್ಟರು. 2025ರ ಆಗಸ್ಟಿನಲ್ಲಿ 1912ರ ಮರದ ಚರ್ಚನ್ನು, 672 ಟನ್, ಬಿಚ್ಚದೆ ಇಡಿಯಾಗಿ ಗಾಲಿಗಳ ಮೇಲಿಟ್ಟು ಐದು ಕಿಲೋಮೀಟರ್ ಸಾಗಿಸಿದರು. ಎರಡು ದಿನ ಹಿಡಿಯಿತು. ಆಫೀಸಿನಲ್ಲಿ ಕೆಲಸ ಬಿಟ್ಟು ಎಲ್ಲರೂ ಟೀವಿ ನೋಡಿದೆವು.

ಸಂಜೆ ಅವ್ವನಿಗೆ ಆ ವಿಡಿಯೊ ಕಳಿಸಿದೆ. ಅಜ್ಜಿಯ ತವರೂರು ತುಂಗಭದ್ರಾ ಹಿನ್ನೀರಿನಲ್ಲಿ ಮುಳುಗಿದ್ದು. ಅವ್ವ ಎರಡು ಸಲ ನೋಡಿ ಫೋನ್ ಮಾಡಿದಳು.

"ನಮ್ಮ ಹನುಮಪ್ಪನ ಗುಡಿ ಸಣ್ಣದಿತ್ತಂತ. ಇಂಥಾ ಗಾಡಿ ಆವಾಗ ಇದ್ದಿಲ್ಲೇನು?"