ನೋಡಿದ ಸಿನಿಮಾನೇ ಮತ್ತೆ ಮತ್ತೆ ಯಾಕೆ ನೋಡ್ತೀರ?

ನಾವು ನಾಲ್ಕೈದು ಜನ ಹಳೇ ಗೆಳೆಯರು ಆಗಾಗ ಯಾರದಾದರೂ ಮನೆಯಲ್ಲಿ ಸೇರಿ ಹಳೇ ಕನ್ನಡ ಸಿನಿಮಾ ಹಾಕಿಕೊಂಡು ಕೂರುತ್ತೇವೆ. ಇದು ಗೊತ್ತಾದವರೆಲ್ಲ ಕೇಳುವುದು ಒಂದೇ. "ಕಥೆ ಗೊತ್ತು, ಡೈಲಾಗ್ ಬಾಯಿಪಾಠ, ಇನ್ನೇನು ನೋಡ್ತೀರ ಅದರಲ್ಲಿ?" ಹಳೇ ಕಾಲದ ಮೇಲೆ ಮೋಹ ಅಂತ ಕೆಲವರು ತಾವೇ ಉತ್ತರವನ್ನೂ ಹೇಳಿಬಿಡುತ್ತಾರೆ. ಅದಲ್ಲ. ನಾವು ಸೇರುವುದು ಜಗಳ ಆಡೋಕೆ.

ನಾಗರಹಾವನ್ನೇ ತಗೊಳ್ಳಿ. 1972ರ ಸಿನಿಮಾ, ತರಾಸು ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ್ದು. (ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತರಾಸು ಬೇಜಾರು ಮಾಡಿಕೊಂಡಿದ್ದರು ಅನ್ನೋ ಮಾತು ಸಿನಿಮಾದಷ್ಟೇ ಫೇಮಸ್ಸು.) ಚಿಕ್ಕವರಿದ್ದಾಗ ನಮ್ಮ ಕಣ್ಣಿಗೆ ಬಿದ್ದಿದ್ದು ರಾಮಾಚಾರಿ ಒಬ್ಬನೇ. ಚಿತ್ರದುರ್ಗದ ಆ ಬಂಡೆಗಳ ನಡುವೆ ವಿಷ್ಣುವರ್ಧನ್ ಕಣ್ಣು ಕೆಂಪಗೆ ಮಾಡಿಕೊಂಡು ನಿಂತರೆ ಸಾಕಿತ್ತು. ಈಗ ಜಗಳ ಪೂರ್ತಿ ಚಾಮಯ್ಯ ಮೇಷ್ಟ್ರ ಮೇಲೆ. ತಂಗಿ ಅಲಮೇಲುಗೆ ಪುಂಡ ಜಲೀಲ ಕೊಡ್ತಿರೋ ಕಾಟ ತಪ್ಪಿಸಿದರೆ ಅವಳನ್ನು ನಿನಗೇ ಕೊಡ್ತೀನಿ ಅಂತ ರಾಮಾಚಾರಿಗೆ ಹೇಳಿದ್ದ ವರದ, ಕೆಲಸ ಆದಮೇಲೆ ಮಾತಿಗೆ ತಪ್ಪುತ್ತಾನೆ. ಅಲ್ಲಿಗೆ ಮೇಷ್ಟ್ರು ಬರುತ್ತಾರೆ, ರಾಮಾಚಾರಿಗೆ ತ್ಯಾಗದ ಪಾಠ ಹೇಳುತ್ತಾರೆ, ಅವನು ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಬೇರೆಯವನನ್ನು ಮದುವೆಯಾಗಿ ಹೋದ ಅದೇ ಅಲಮೇಲು ಆಮೇಲೆ ಹೋಟೆಲೊಂದರಲ್ಲಿ ಮೈ ಮಾರುವ ಸ್ಥಿತಿಯಲ್ಲಿ ಅವನ ಕಣ್ಣಿಗೆ ಬೀಳುತ್ತಾಳೆ.

ಇಲ್ಲಿ ಯಾರಾದರೂ ರಿಮೋಟ್ ತಗೊಂಡು ಪಾಸ್ ಒತ್ತಿಯೇ ಒತ್ತುತ್ತಾರೆ. ನಮ್ಮಲ್ಲೊಬ್ಬ ಸ್ಕೂಲ್ ಮೇಷ್ಟ್ರು. ಅವನ ವಾದ ಏನಂದ್ರೆ, ಹೆತ್ತ ಅಪ್ಪನೇ ದೂರ ಇಟ್ಟ ಹುಡುಗನನ್ನು ಮನುಷ್ಯ ಅಂತ ಕಂಡಿದ್ದು ಚಾಮಯ್ಯ ಒಬ್ಬರೇ, ಅವರು ಕೆಟ್ಟದ್ದು ಬಯಸೋಕೆ ಸಾಧ್ಯವಾ? ಇನ್ನೊಬ್ಬಳು ಕೇಳುತ್ತಾಳೆ, ಅಲ್ಲ ಕಣೋ, ಅಲಮೇಲುನ ಒಂದು ಮಾತು ಕೇಳಿದ್ರಾ ಯಾರಾದ್ರೂ? ನನಗನ್ನಿಸೋದು ಬೇರೆ. ತಾನು ಹೇಳಿದರೆ ಈ ಹುಡುಗ ಇಲ್ಲ ಅನ್ನಲ್ಲ ಅಂತ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು, ಆ ಸಲುಗೆಯನ್ನು ಅವರು ಅವನ ಪರವಾಗಿ ಬಳಸಲಿಲ್ಲ, ಊರಿನ ಮರ್ಯಾದೆಯ ಪರವಾಗಿ ಬಳಸಿದರು. ಆದರೆ ತೆರೆ ಮೇಲೆ ಇರೋದು ಕೆ.ಎಸ್. ಅಶ್ವತ್ಥ್. ಅವರ ಆ ಮುಖ ನೋಡುತ್ತಾ ಮೇಷ್ಟ್ರನ್ನು ಬೈಯೋದು ಸುಲಭ ಅಲ್ಲ. ಬೇರೆ ಯಾರಾದರೂ ಆ ಪಾತ್ರ ಮಾಡಿದ್ದರೆ ನಮ್ಮ ಜಗಳ ಒಂದೇ ದಿನಕ್ಕೆ ಮುಗಿದುಹೋಗುತ್ತಿತ್ತೇನೋ.

ಅದೇ ಸಿನಿಮಾದ ಜಲೀಲ ಇನ್ನೊಂದು ತಲೆನೋವು. ಅಂಬರೀಶ್ ಅವರ ಮೊದಲ ಸಿನಿಮಾ ಅದು. "ಬುಲ್ ಬುಲ್ ಮಾತಾಡಕಿಲ್ವಾ" ಅನ್ನೋದನ್ನು ಇಡೀ ಕರ್ನಾಟಕ ಪ್ರೀತಿಯಿಂದ ಹೇಳಿಕೊಂಡು ಓಡಾಡಿತು, ನಾವೂ ಹೇಳಿದ್ದೇವೆ. ಆದರೆ ಅವನು ಮಾಡ್ತಿರೋದೇನು? ದಾರಿಯಲ್ಲಿ ಹೋಗೋ ಹುಡುಗಿಯನ್ನು ಅಡ್ಡಗಟ್ಟಿ ಗೋಳು ಹೊಯ್ಕೊಳ್ಳೋದು. ವಿಲನ್ ಮಾತು ಅದು, ನಮಗೆ ಮುದ್ದಿನ ಮಾತಾಗಿ ಹೋಯ್ತು.

ಎಲ್ಲ ಹಳೇ ಸಿನಿಮಾ ತಡೆದುಕೊಳ್ಳಲ್ಲ, ಅದನ್ನೂ ಹೇಳಬೇಕು. 1989ರ ನಂಜುಂಡಿ ಕಲ್ಯಾಣ ನೋಡಿ. ಹಾಡು ಈಗಲೂ ಚೆಂದ, ಮಾಲಾಶ್ರೀ ಅವರ ಜೋರು ಈಗಲೂ ಖುಷಿ ಕೊಡುತ್ತೆ. ಆದರೆ ಜೋರಿನ ಹೆಣ್ಣನ್ನು ಗಂಡ ದಾರಿಗೆ ತರೋದೇ ಕಥೆ. ಆಕೆ ಬಗ್ಗೋಕೆ ಶುರು ಮಾಡಿದ ಮೇಲೆ ನಮ್ಮ ಗುಂಪಿನ ಹೆಂಗಸರು ಎದ್ದು ಕಾಫಿ ಮಾಡೋಕೆ ಹೋಗ್ತಾರೆ. ಕಾಫಿ ಬೇಕು ಅಂತ ಯಾರೂ ಕೇಳಿರಲ್ಲ.

ಜಗಳಕ್ಕೆ ಏನೂ ಸಿಗದ ಸಿನಿಮಾಗಳೂ ಇವೆ, ಗಣೇಶನ ಮದುವೆ ಥರ. ಫಣಿ ರಾಮಚಂದ್ರ ಅವರ 1990ರ ಸಿನಿಮಾ. ಒಂದೇ ವಠಾರದಲ್ಲಿ ದಿನಾ ಕಿತ್ತಾಡುವ ಗಣೇಶ, ಆದಿಲಕ್ಷ್ಮಿ ಇಬ್ಬರೂ ಬೇರೆ ಹೆಸರಲ್ಲಿ ಕಾಗದ ಬರೆದುಕೊಂಡು ಪ್ರೀತಿಸ್ತಿರ್ತಾರೆ. ಗುಟ್ಟು ಗೊತ್ತಿದ್ದರೇ ಅದು ಹೆಚ್ಚು ಮಜಾ. ಮೊದಲ ಸಲ ಅನಂತ್ ನಾಗ್ ಕಡೆಯೇ ಗಮನ ಇರುತ್ತೆ. ಆಮೇಲಾಮೇಲೆ ಓನರ್ ರಮಣಮೂರ್ತಿ ಆಗಿರೋ ಮುಖ್ಯಮಂತ್ರಿ ಚಂದ್ರು, ಉಳಿದ ಬಾಡಿಗೆಯವರು, ಯಾರ ಮಾತಿಗೆ ಯಾರು ಮುಖ ತಿರುಗಿಸಿದರು ಅನ್ನೋದೆಲ್ಲ ಕಾಣೋಕೆ ಶುರುವಾಗುತ್ತೆ. ಬಂಗಾರದ ಮನುಷ್ಯದಲ್ಲಿ ರಾಚೂಟಪ್ಪನಾಗಿರೋ ಬಾಲಕೃಷ್ಣ ಕೂಡ ಹಾಗೇ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಎದುರಿನವರ ತುಟಿ ನೋಡಿ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು. ಇದು ಗೊತ್ತಾದ ಮೇಲೆ ಅವರ ಟೈಮಿಂಗ್ ನೋಡೋಕೇ ಸಿನಿಮಾ ಹಾಕಿದ್ದುಂಟು.

ಇನ್ನು, ನಾವೇನು ವಿಚಿತ್ರ ಪ್ರಾಣಿಗಳಲ್ಲ. ಅದೇ ಬಂಗಾರದ ಮನುಷ್ಯ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತಲ್ಲ, ಅದನ್ನು ಒಂದೊಂದೇ ಸಲ ನೋಡಿದವರು ಓಡಿಸಿದ್ದಾ? 1995ರ ಓಂ ಐನೂರಕ್ಕೂ ಹೆಚ್ಚು ಸಲ ಮತ್ತೆ ಬಿಡುಗಡೆ ಆಗಿದೆ. ನಾಗರಹಾವನ್ನೇ 2018ರಲ್ಲಿ ಹೊಸ ತಂತ್ರಜ್ಞಾನದಲ್ಲಿ ತಂದಾಗ ಥಿಯೇಟರ್ ಮುಂದೆ ಪಟಾಕಿ ಹೊಡೆದವರಲ್ಲಿ ಸಿನಿಮಾ ಮೊದಲು ಬಂದಾಗ ಹುಟ್ಟೇ ಇರದ ಹುಡುಗರಿದ್ದರು. ಮತ್ತೆ ನೋಡೋದು ನಮ್ಮಲ್ಲಿ ಮೊದಲಿಂದ ಇರೋ ಚಾಳಿ.

ಹಾಗಾದರೆ ಯಾವುದರಿಂದ ಶುರು ಮಾಡೋದು ಅಂತ ಕೇಳೋರಿಗೆ ನಾನು ಹೇಳೋದು ಭೂತಯ್ಯನ ಮಗ ಅಯ್ಯು. 1974, ಸಿದ್ದಲಿಂಗಯ್ಯ ನಿರ್ದೇಶನ, ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ. ಅಯ್ಯು ಆಗಿ ಲೋಕೇಶ್, ಎದುರು ವಿಷ್ಣುವರ್ಧನ್, ಯಾರ ಕಡೆ ನಿಲ್ಲಬೇಕು ಅಂತ ಅರ್ಧ ಸಿನಿಮಾ ಗೊತ್ತಾಗಲ್ಲ. ಊಟ ಮುಗಿಸಿಕೊಂಡು ಕೂತ್ಕೊಳ್ಳಿ. ಈ ಸಿನಿಮಾದಿಂದಲೇ ಲೋಕನಾಥ್ ಅವರಿಗೆ ಉಪ್ಪಿನಕಾಯಿ ಲೋಕನಾಥ್ ಅಂತ ಹೆಸರು ಬಂದಿದ್ದು, ಅವರು ಅದರಲ್ಲಿ ಉಪ್ಪಿನಕಾಯಿ ಚಪ್ಪರಿಸೋದನ್ನು ಹಸಿದ ಹೊಟ್ಟೆಯಲ್ಲಿ ನೋಡೋದು ಕಷ್ಟ.